ಲ್ಯಾಮಿನೇಟ್ ಮಾಡಿಸಿದ ಲೈಸೆನ್ಸು

ಒಬ್ಬ ಸಾಹುಕಾರ ಇದ್ದ. ಯಾವೂರು ಅಂತ ಕೇಳಬೇಡಿ. ಊರಿನ ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆ ಯಾವ ಬೀದಿ, ಅವನ ಬೀಗರು ಯಾರು ಅಂತ ಪಕ್ಕದವರ ಹತ್ತಿರ ಪಿಸುಗುಡೋಕೆ ಶುರು ಮಾಡ್ತೀರಿ. ಈ ಮಠದಲ್ಲಿ ಪ್ರವಚನ ಹೇಳ್ತಾ ನಿಮ್ಮನ್ನ ನಾನು ಇವತ್ತು ನಿನ್ನೆ ನೋಡ್ತಾ ಇದೀನಾ? ಅವನಿಗೆ ಕೊಬ್ಬರಿ ಮಂಡಿ ಇತ್ತು, ಎರಡು ಅಂತಸ್ತಿನ ಮನೆ ಇತ್ತು, ಊರಲ್ಲಿ ಮರ್ಯಾದೆ ಇತ್ತು. ಅಷ್ಟು ಸಾಕು.

ಆದರೆ ನೋಡಿ, ಅವನಿಗೆ ಹೆಸರು ಬಂದಿದ್ದದ್ದು ಕೊಬ್ಬರಿಯಿಂದ ಅಲ್ಲ, ಗಂಡು ವಿಚಾರಿಸೋದರಿಂದ. ಯಾರ ಮನೆ ಹುಡುಗಿಗೆ ಸಂಬಂಧ ಬಂದರೂ ಅಪ್ಪ ಅಮ್ಮ ಮೊದಲು ಬರ್ತಾ ಇದ್ದದ್ದು ಇವನ ಮಂಡಿಗೆ. "ಸಾಹುಕಾರ್ರೇ, ಹುಡುಗ ಹೇಗೆ ಏನು ಅಂತ ಒಂದ್ಸಲ ವಿಚಾರಿಸ್ಕೊಂಡು ಬಂದುಬಿಡಿ." ಇವನು ಮಾರನೇ ದಿನವೇ ಇಸ್ತ್ರಿ ಶರಟು ಹಾಕ್ಕೊಂಡು ಬಸ್ಸು ಹತ್ತೋನು. ಬಸ್ ಚಾರ್ಜೂ ತಗೊಳ್ತಾ ಇರಲಿಲ್ಲ. ಅದರಲ್ಲಿ ಅವನಿಗೆ ಅಂಥ ಸುಖ.

ಹೋದವನು ಗಂಡಿನ ಮನೆಗೆ ಹೋಗ್ತಾ ಇದ್ದನೇ? ಇಲ್ಲ. ಅಲ್ಲೇ ಇರೋದು ಅವನ ಜಾಣತನ. ಗಂಡಿನ ಮನೆ ಬಾಗಿಲಿಗೂ ಹೋಗ್ತಾ ಇರಲಿಲ್ಲ. ಒಂದು ಸಲ ಏನಾಯ್ತು ಅಂದರೆ, ದೊಡ್ಡ ಕಂಪನಿಯಲ್ಲಿ ಮ್ಯಾನೇಜರು ಅಂತ ಹೇಳ್ಕೊಂಡು ಒಂದು ಸಂಬಂಧ ಬಂತು. ಇವನು ಹೋದ. ಆ ಮನೆಗೆ ಅಂಟಿಕೊಂಡ ಹಾಗಿದ್ದ ಪಕ್ಕದ ಮನೆ ಬಾಗಿಲು ತಟ್ಟಿ, "ಇಲ್ಲಿ ಎಲ್ಲಾದರೂ ಬಾಡಿಗೆಗೆ ಮನೆ ಸಿಗತ್ತಾ ತಾಯಿ?" ಅಂತ ಕೇಳಿದ. ಆಕೆ ಅಂದರು, "ಸಿಗತ್ತೆ. ಆದರೆ ಈ ಸಾಲಲ್ಲಿ ಬೇಡಿ ಸ್ವಾಮಿ. ಪಕ್ಕದ ಮನೆ ಹುಡುಗ ಕುಡಿದು ಬಂದರೆ ತಟ್ಟೆ ಲೋಟ ಎಲ್ಲಾ ಹಾರಾಡ್ತಾವೆ, ನಮ್ಮ ಮಗು ಬೆಚ್ಚಿ ಬೀಳತ್ತೆ." ಇವನು ನೀರು ಕುಡಿದು, ನಮಸ್ಕಾರ ಮಾಡಿ, ವಾಪಸ್ ಬಸ್ಸು ಹತ್ತಿದ. ಆ ಸಂಬಂಧ ಅಲ್ಲಿಗೆ ಮುರಿದುಬಿತ್ತು.

ಜನ ಹೊಗಳಿದರೆ ಸಾಹುಕಾರ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಹೇಳೋನು, "ಗಂಡಿನ ಕಡೆಯವರು ಗಂಡಿನ ಬಗ್ಗೆ ಏನು ಹೇಳ್ತಾರೆ ಹೇಳಿ? ಕೇಸರಿಬಾತು ತಿನ್ನಿಸಿ ಒಳ್ಳೇದೇ ಹೇಳ್ತಾರೆ. ಅವರನ್ನ ಕೇಳೋದಾದರೆ ನಾನ್ಯಾಕೆ ಹೋಗಬೇಕು, ಫೋನಲ್ಲೇ ಕೇಳಬಹುದಲ್ಲ." ಈ ಮಾತು ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗತ್ತೆ.

ಈ ಸಾಹುಕಾರನಿಗೆ ಒಬ್ಬಳು ತಂಗಿ. ಗಂಡ ಹೈಸ್ಕೂಲು ಮೇಷ್ಟ್ರಾಗಿದ್ದವರು, ತೀರಿಕೊಂಡಿದ್ದರು. ಮದುವೆಯಾದಾಗಿಂದ ಒಂದೇ ಬಾಡಿಗೆ ಮನೆ. ಆ ಮನೆ ಹಿತ್ತಲಲ್ಲಿ ನುಗ್ಗೆ ಗಿಡ ನೆಟ್ಟವಳು ಅವಳೇ, ಅಡುಗೆ ಮನೆ ಗೋಡೆಗೆ ಸುಣ್ಣ ಹೊಡೆದವಳೂ ಅವಳೇ. ಮನೆ ಮಾತ್ರ ಅವಳದಲ್ಲ. ಒಂದು ದಿನ ಮನೆಯ ಯಜಮಾನರು ಬಂದು, "ಅಮ್ಮಾ, ಮನೆ ಮಾರ್ತಾ ಇದೀನಿ. ನೀವೇ ತಗೊಳ್ಳೋದಾದರೆ ದೀಪಾವಳಿವರೆಗೂ ಕಾಯ್ತೀನಿ" ಅಂದರು. ಮೇಷ್ಟ್ರ ಹಣ ಬ್ಯಾಂಕಲ್ಲಿತ್ತು. ಸ್ವಲ್ಪ ಕಮ್ಮಿ ಬೀಳ್ತಾ ಇತ್ತು. ಅವಳು ಅಣ್ಣನ ಹತ್ತಿರ ಬಂದಳು.

ಆ ಕಮ್ಮಿ ಬಿದ್ದದ್ದನ್ನ ಸಾಹುಕಾರ ತಾನೇ ಕೊಡಬಹುದಿತ್ತು. ಕೊಡಲಿಲ್ಲ. ಕೊಡೋದಕ್ಕಿಂತ ದಾರಿ ತೋರಿಸೋದು ಅಗ್ಗ ಅಲ್ವಾ? ಅವನು ಫೋನು ತೆಗೆದು ಒಂದು ಆ್ಯಪ್ ತೋರಿಸಿದ. ಕ್ರಿಪ್ಟೊ ಅಂತ. ಕಣ್ಣಿಗೆ ಕಾಣದ ನಾಣ್ಯ, ಫೋನಲ್ಲೇ ಕೊಳ್ಳೋದು, ಫೋನಲ್ಲೇ ಮಾರೋದು. ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವನು ತೋರಿಸಿದ್ದನಂತೆ. ಸಾಹುಕಾರ ಆಗಲೇ ಸ್ವಲ್ಪ ಹಾಕಿ, ಲಾಭದ ಸಮೇತ ವಾಪಸ್ಸೂ ತೆಗೆದಿದ್ದ. ಮೊದಲ ಸಲ ಕೊಡ್ತಾರೆ. ಗಾಳಕ್ಕೆ ಎರೆಹುಳ ಸಿಕ್ಕಿಸೋದು ಮೀನಿಗೆ ಹಸಿವಾಗಿದೆ ಅಂತ ಕನಿಕರದಿಂದಲೇ?

ತಂಗಿ ಒಂದೇ ಪ್ರಶ್ನೆ ಕೇಳಿದಳು. "ಅಣ್ಣಾ, ವಿಚಾರಿಸಿದೀಯಾ?"

ಸಾಹುಕಾರನ ಮುಖ ಗಂಟುಬಿತ್ತು. "ವಿಚಾರಿಸಿದೀಯಾ ಅಂತ ನನ್ನನ್ನ ಕೇಳ್ತೀಯಾ? ನನ್ನನ್ನ?"

ಅನ್ಯಾಯವಾಗಿ ಹೇಳಬಾರದು, ಅವನು ವಿಚಾರಿಸಿದ್ದ. ಹೇಗೆ ವಿಚಾರಿಸಿದ್ದ ಕೇಳಿ. ಆ ಆ್ಯಪ್‌ನಲ್ಲೇ ಒಂದು ನಂಬರ್ ಇತ್ತು, ಅದಕ್ಕೇ ಫೋನ್ ಮಾಡಿದ್ದ. ಒಬ್ಬಳು ಹುಡುಗಿ, ಜೇನಿನಂಥ ದನಿ, "ನಮಸ್ಕಾರ ಸರ್, ತಿಂಡಿ ಆಯ್ತಾ ಸರ್?" ಅಂದಳು. ಮನೆಯಲ್ಲಿ ಯಾರೂ ಅಷ್ಟು ಪ್ರೀತಿಯಿಂದ ಕೇಳಿರಲಿಲ್ಲ. ಇವನು ಗತ್ತಿನಿಂದಲೇ ಕೇಳಿದ. "ನೋಡಮ್ಮಾ, ನಾನು ಎಲ್ಲಾ ವಿಚಾರಿಸೋ ಮನುಷ್ಯ. ನಿಮಗೆ ಸರ್ಕಾರದ ಲೈಸೆನ್ಸ್ ಇದೆಯಾ?" "ಇದೆ ಸರ್. ನಿಮ್ಮಂಥವರು ಕೇಳಿದರೆ ನಮಗೂ ಖುಷಿ ಸರ್. ಈಗಲೇ ವಾಟ್ಸಾಪ್ ಮಾಡ್ತೀನಿ." ಎರಡು ನಿಮಿಷದಲ್ಲಿ ಬಂತು. ಸುತ್ತ ಬಂಗಾರದ ಬಾರ್ಡರು, ಕೆಳಗೆ ಕೆಂಪು ಮೊಹರು, ಮೇಲೆ ಸಿಂಹದ ಚಿತ್ರ. ನಮ್ಮ ಸರ್ಕಾರದ ಲಾಂಛನದಲ್ಲಿ ಮೂರು ಸಿಂಹ ಕಾಣ್ತಾವೆ, ಇದರಲ್ಲಿ ಒಂದೇ ಇತ್ತು. ಕೊಟ್ಟಿದ್ದ ದೇಶದ ಹೆಸರೂ ಅವನು ಕೇಳಿರದ ಯಾವುದೋ ದ್ವೀಪದ್ದು. ಉಂಡೆ ಕೊಬ್ಬರಿಯನ್ನ ಕಿವಿ ಹತ್ತಿರ ಅಲ್ಲಾಡಿಸಿಯೇ ಒಳಗಿನ ಹುಳುಕು ಹೇಳ್ತಾ ಇದ್ದ ಮನುಷ್ಯ ಅದನ್ನ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ. ಲ್ಯಾಮಿನೇಟ್ ಮಾಡಿಸಿದ. ಮಂಡಿಯಲ್ಲಿ ಲಕ್ಷ್ಮಿ ಫೋಟೋ ಪಕ್ಕ ನೇತುಹಾಕಿದ. ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಲಕ್ಷ್ಮಿಗೆ ಎರಡು ಸುತ್ತು, ಲೈಸೆನ್ಸಿಗೆ ಒಂದು ಸುತ್ತು.

ತಂಗಿ ಆ ಕಾಗದ ನೋಡಿದಳು. ಅಣ್ಣನ ಮುಖ ನೋಡಿದಳು. ಮೇಷ್ಟ್ರ ಹಣ ಪೂರ್ತಿ ಅದಕ್ಕೆ ಹಾಕಿದಳು.

ಫೋನಲ್ಲಿ ಹಣ ಬೆಳೀತು ನೋಡಿ, ಏನು ಬೆಳೀತು ಅಂತೀರಿ. ಸಾಹುಕಾರ ದಿನಾ ತಂಗಿಗೆ ಫೋನ್ ಮಾಡಿ ಹೇಳೋನು. ಅವಳು ಯಾವ ಗೋಡೆ ಒಡೆಸಿದರೆ ಅಡುಗೆ ಮನೆಗೆ ಬೆಳಕು ಬರತ್ತೆ ಅಂತ ಲೆಕ್ಕ ಹಾಕೋಳು. ತನ್ನದೇ ಮನೆಯಲ್ಲಿ ಮೊಳೆ ಹೊಡೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ ಅನ್ನೋ ಸಂತೋಷ ಇದೆಯಲ್ಲ, ಅದು ಬಾಡಿಗೆ ಮನೆಯಲ್ಲಿ ಬಾಳಿದವರಿಗೇ ಗೊತ್ತು.

ದೀಪಾವಳಿ ಹತ್ತಿರ ಬಂತು. ಹಣ ತೆಗೆಯೋಕೆ ಹೋದರು. ಜೇನಿನ ದನಿ ಹೇಳಿತು, "ಮೊದಲು ತೆರಿಗೆ ಕಟ್ಟಬೇಕು ಸರ್." ಸಾಹುಕಾರ ತನ್ನ ಕೈಯಿಂದಲೇ ಕಟ್ಟಿದ. ಆಮೇಲೆ ಬಿಡುಗಡೆ ಶುಲ್ಕ ಅಂದರು. ಅದನ್ನೂ ಕಟ್ಟಿದ. ಆಮೇಲೆ ಫೋನ್ ಮಾಡಿದರೆ, ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿ ಇಲ್ಲ. ಅವನ ತಿಂಡಿ ಆಯ್ತಾ ಅಂತ ಕೇಳೋರು ಯಾರೂ ಇರಲಿಲ್ಲ.

ಅಣ್ಣ ತಂಗಿ ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಇನ್‌ಸ್ಪೆಕ್ಟರ್ ಒಬ್ಬ ಹೆಣ್ಣುಮಗಳು. ಎಲ್ಲಾ ಕೇಳಿಸಿಕೊಂಡು, "ಈ ಕಂಪನಿ ನಮ್ಮ ದೇಶದಲ್ಲಿ ನೋಂದಣಿ ಆಗಿದೆಯಾ ಅಂತ ನೋಡಿದ್ರಾ?" ಅಂದರು. ಸಾಹುಕಾರ ಚೀಲದಿಂದ ಲ್ಯಾಮಿನೇಟ್ ಮಾಡಿಸಿದ್ದನ್ನ ತೆಗೆದು ಮೇಜಿನ ಮೇಲಿಟ್ಟ. ಆ ಹೊತ್ತಿಗೂ ಅವನ ಮನಸ್ಸಲ್ಲಿ, ನಾನು ಹಾಗೆಲ್ಲಾ ವಿಚಾರಿಸದೆ ಮಾಡೋನಲ್ಲ ಅಂತ ಒಂದು ಸಣ್ಣ ಹೆಮ್ಮೆ ಉಳಿದಿತ್ತು.

"ಇದನ್ನ ನಿಮಗೆ ಯಾರು ಕೊಟ್ರು?"

"ಕಂಪನಿಯವರೇ ಕೊಟ್ರು ಮೇಡಂ. ನಾನು ಫೋನ್ ಮಾಡಿ ಕೇಳಿದೆ."

ಇನ್‌ಸ್ಪೆಕ್ಟರ್ ಆ ಕಾಗದವನ್ನ ತಂಗಿಯ ಕಡೆ ಸರಿಸಿದರು. ಮಾತಾಡಿದ್ದು ತಂಗಿ. ಗದರಲಿಲ್ಲ, ಅಳಲಿಲ್ಲ, ಮೆಲ್ಲಗೆ ಕೇಳಿದಳು.

"ಅಣ್ಣಾ, ಗಂಡಿನ ಮನೇಲೇ ಕೇಳ್ಕೊಂಡು ಬಂದ್ಯಾ?"

ಊರವರ ಹೆಣ್ಣುಮಕ್ಕಳಿಗೆಲ್ಲಾ ಪಕ್ಕದ ಮನೆ ಬಾಗಿಲು ತಟ್ಟಿದವನು, ಒಡಹುಟ್ಟಿದವಳ ಪಾಲಿಗೆ ಕೇಸರಿಬಾತು ತಿಂದು ಬಂದಿದ್ದ. ಅವನಿಗೆ ಅಲ್ಲೇ ನಾಚಿಕೆಯಿಂದ ಸತ್ತುಹೋಗೋಣ ಅನ್ನಿಸಿತು. ಹೋದ ಹಣ ಬರಲಿಲ್ಲ. ಮನೆ ಬೇರೆಯವರ ಪಾಲಾಯ್ತು, ನುಗ್ಗೆ ಗಿಡದ ಸಮೇತ. ತಂಗಿ ಅಣ್ಣನ ಮನೆ ಮಹಡಿಗೆ ಬಂದಳು. ದಾರಿ ತೋರಿಸೋದು ಅಗ್ಗ ಅಂತ ಅಂದುಕೊಂಡವನು ಈಗ ದಿನಾ ಬೆಳಿಗ್ಗೆ ಅವಳ ಕೈಯಿಂದ ಕಾಫಿ ಲೋಟ ತಗೊಳ್ತಾನೆ, ತಲೆ ಎತ್ತಲ್ಲ. ಒಂದು ದಿನ ಅವಳೇ ಅಂದಳಂತೆ, "ಬಿಡಣ್ಣ, ತಪ್ಪು ನಿನ್ನೊಬ್ಬನದೇ ಅಲ್ಲ. ನಾನೂ ನಿನ್ನನ್ನ ಬಿಟ್ಟು ಇನ್ಯಾರನ್ನೂ ಕೇಳಲಿಲ್ಲ." ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗ್ತಿತ್ತು.

ಈಗ ನೀವು. ಮೂರನೇ ಸಾಲಲ್ಲಿ ಯಾರೋ ಫೋನನ್ನ ಮಗುಚಿ ತೊಡೆ ಕೆಳಗೆ ಇಟ್ಟುಕೊಂಡರು, ನನಗೆ ಕಾಣಿಸ್ತು. ಪರವಾಗಿಲ್ಲ, ಕೂತ್ಕೊಳ್ಳಿ. ಸಾಹುಕಾರನ ದಡ್ಡತನಕ್ಕೆ ಎಲ್ಲರೂ ನಕ್ಕಿರಿ. ನಿಮ್ಮ ಫೋನಲ್ಲಿರೋ ಆ್ಯಪ್‌ಗೆ ಈ ದೇಶದಲ್ಲಿ ಪರವಾನಗಿ, ನೋಂದಣಿ ಏನಾದರೂ ಇದೆಯಾ ಅಂತ ನೀವು ಯಾರನ್ನ ಕೇಳಿದಿರಿ? ಆ್ಯಪ್‌ನ್ನೇ ಕೇಳಿದಿರಿ. ಇಲ್ಲಾ ಷಡ್ಡಕನನ್ನ ಕೇಳಿದಿರಿ. ಷಡ್ಡಕ ಯಾರನ್ನ ಕೇಳಿದ? ಅವನೂ ಆ್ಯಪ್‌ನ್ನೇ ಕೇಳಿದ.

ನಮ್ಮ ದೇಶದಲ್ಲಿ ಈ ವ್ಯಾಪಾರ ಮಾಡೋ ಕಂಪನಿಗಳು ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕ ಅನ್ನೋ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಹೆಸರು ಇದೆಯೋ ಇಲ್ಲವೋ ಅಲ್ಲಿ ನೋಡಿ. ಅವರು ಕಳಿಸಿದ ಲಿಂಕ್ ಒತ್ತಿ ನೋಡಬೇಡಿ, ಅದು ಗಂಡಿನ ಮನೆಯವರೇ ತೋರಿಸೋ ಪಕ್ಕದ ಮನೆ. ಸರ್ಕಾರದ ವೆಬ್‌ಸೈಟಿನ ವಿಳಾಸ ನೀವೇ ಹುಡುಕಿ, ನೀವೇ ಟೈಪ್ ಮಾಡಿ. ಬರದಿದ್ದರೆ ಮಗಳ ಪಕ್ಕ ಕೂತ್ಕೊಂಡು ಮಾಡಿಸಿ, ಅದರಲ್ಲಿ ಅವಮಾನ ಏನಿದೆ? ಹೆಸರು ಇಲ್ಲ ಅಂದರೆ ಒಂದು ರೂಪಾಯಿ ಕೊಡಬೇಡಿ. ಇದೆ ಅಂದರೂ ಕುಣಿದಾಡಬೇಡಿ. ಕಂಪನಿ ನೋಂದಣಿ ಆಗಿದೆ ಅಂತ ಅಷ್ಟೇ ಅರ್ಥ, ನಿಮಗೆ ಲಾಭ ಬರತ್ತೆ ಅಂತಲ್ಲ. ಆಧಾರ್ ಕಾರ್ಡ್ ಇದ್ದ ಗಂಡೆಲ್ಲಾ ಒಳ್ಳೇ ಗಂಡೇನ್ರೀ?

ಇಷ್ಟು ಹಣದ ಮಾತಾಯ್ತು. ಇದಕ್ಕೆ ಮಠದಲ್ಲಿ ಯಾಕೆ ಪ್ರವಚನ ಅಂತ ಹಿರಿಯರು ಮುಖ ಸಿಂಡರಿಸ್ತಾ ಇದ್ದಾರೆ, ಅದೂ ಕಾಣಿಸ್ತು. ನಾವು ಒಳ್ಳೆಯವರಾ ಅಂತ ನಾವು ಯಾರನ್ನ ಕೇಳಿದೀವಿ? ನಮ್ಮನ್ನೇ. "ಒಳ್ಳೆಯವನಪ್ಪಾ" ಅಂತ ಉತ್ತರ ಬಂತು. ಅದನ್ನ ಲ್ಯಾಮಿನೇಟ್ ಮಾಡಿಸಿ ಎದೆಯೊಳಗೆ ನೇತುಹಾಕ್ಕೊಂಡು ದಿನಾ ಊದುಬತ್ತಿ ಬೆಳಗ್ತಾ ಇದೀವಿ. ಇವತ್ತು ಮನೆಗೆ ಹೋದ ಮೇಲೆ ಹೆಂಡತಿಯನ್ನ ಕೇಳಿ. ಅಂಗಡಿಯಲ್ಲಿ ಕೆಲಸ ಮಾಡೋನನ್ನ ಕೇಳಿ. ಗೋಡೆಯ ಆ ಕಡೆ ಮನೆಯವರನ್ನ ಕೇಳಿ. ಹೇಳೋ ಧೈರ್ಯ ಅವರಿಗಿದ್ದರೆ, ಕೇಳೋ ತಾಳ್ಮೆ ನಿಮಗಿರಲಿ.

ಕೊನೇ ಮಾತು. ಹೊರಗೆ ಹೋಗುವಾಗ ಬಾಗಿಲ ಹತ್ತಿರ ಒಂದು ಮೇಜಿದೆ. ದಾಸೋಹದ ಕಟ್ಟಡಕ್ಕೆ ಅಂತ ನಮ್ಮ ಮಠದವರು ರಸೀದಿ ಹರೀತಾ ಕೂತಿದ್ದಾರೆ. ಬರುವಾಗ ಎಷ್ಟೋ ಜನ ಕೊಟ್ಟೇ ಒಳಗೆ ಬಂದಿರಿ. ಈ ಟ್ರಸ್ಟು ನೋಂದಣಿ ಆಗಿದೆಯಾ ಅಂತ ಒಬ್ಬರಾದರೂ ಕೇಳಿದಿರಾ? ಇಲ್ಲ. ಕೊಡೋದನ್ನ ನಾಳೆ ಕೊಡಿ, ಕಟ್ಟಡ ಎಲ್ಲೂ ಓಡಿಹೋಗಲ್ಲ. ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ವಿಚಾರಿಸಿ. ನನ್ನ ಹತ್ತಿರ ಮಾತ್ರ ಬಂದು ಕೇಳಬೇಡಿ. ನಾನು ಗಂಡಿನ ಕಡೆಯವನು.