ಅತ್ತೆಯ ‘ಆಮೇಲೆ’

ಬೆಟ್ಟದ ತುದಿಯ ಬುದ್ಧನ ಗುಡಿಗೆ ಹೋಗುವ ಮೆಟ್ಟಿಲುಗಳ ಅರ್ಧ ದಾರಿಯಲ್ಲಿ ಒಂದು ತಂಗುಮನೆ ಇದೆ. ಮೂರು ಗೋಡೆ, ತಗಡಿನ ಮಾಡು, ಗೋಡೆಗುಂಟ ಕಲ್ಲುಬೆಂಚು, ಅಷ್ಟೆ. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಮಳೆ ಹಿಡಿದುಕೊಂಡಿತು, ಸಂಜೆಯೂ ಕವಿಯಿತು. ಅಮ್ಮ ನೆಗಡಿಯಾದ ತಂಗಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಕತ್ತಲ ಮೂಲೆಯ ಬೆಂಚಿನಲ್ಲಿ ಕೂತಳು. ಅಪ್ಪ ಏದುಸಿರು ಬಿಡುತ್ತ, “ಇಲ್ಲಿಂದಾನೇ ಕೈಮುಗಿದು ಇಳಿದುಬಿಡೋಣ,” ಎಂದರು. ನಮ್ಮೆಲ್ಲರಿಗಿಂತ ಮೊದಲೇ ಹತ್ತಿ ಬಂದಿದ್ದ ಅಜ್ಜಿ ಛತ್ರಿ ಕೊಡವುತ್ತ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

“ಥೇಟ್ ನಿನ್ನ ಅಜ್ಜಿ ಕಣೋ ನೀನು. ಅವರೂ ಇಲ್ಲಿಗೆ ಬಂದ್ರೆ ಇದೇ ಮಾತು. ಕೂತ್ಕೊಳ್ಳಿ ಎಲ್ರೂ, ಮಳೆ ನಿಲ್ಲೋವರೆಗೂ ಅವರ ಕತೆ ಹೇಳ್ತೀನಿ. ಮನೇಲಿ ಹೇಳೋ ಕತೆ ಅಲ್ಲ ಇದು, ಇಲ್ಲೇ ಹೇಳ್ಬೇಕು.

“ನನ್ನ ಅತ್ತೆ... ಏನಂತ ಹೇಳ್ಲಿ ಅವರನ್ನ? ನಮ್ಮದು ಹೊಲಿಗೆ ಅಂಗಡಿ. ನಿಮ್ಮ ತಾತ ಬಟ್ಟೆ ಕತ್ತರಿಸೋರು, ನಾನು ಮಿಷನ್ ತುಳಿಯೋಳು, ಅತ್ತೆ ಬಾಗಿಲ ಹತ್ರ ಕೂತು ಕಾಜ ಮಾಡಿ ಗುಂಡಿ ಹಾಕೋರು. ಬಾಗಿಲ ಹತ್ರಾನೇ ಯಾಕೆ? ಬೀದೀಲಿ ಹೋಗೋ ಸುದ್ದಿ ಒಂದೂ ತಪ್ಪಬಾರದಲ್ಲ, ಅದಕ್ಕೆ. ಬಾಯಲ್ಲಿ ದಾರ ಕಚ್ಕೊಂಡು ‘ಆಮೇಲೆ?’ ಅನ್ನೋರು ನೋಡಿ... ಎಂಥ ಗುಮ್ಮನಗುಸುಕನೂ ಮನೆ ಗುಟ್ಟೆಲ್ಲ ಕಕ್ಕಿಬಿಡ್ತಿದ್ದ. ಆದ್ರೆ ಕೊಟ್ಟ ಮಾತಿಗೆ ಮಾತ್ರ ತಪ್ಪೋರಲ್ಲ. ನಾಳೆ ಕೊಡ್ತೀನಿ ಅಂದ ಅಂಗಿ ನಾಳೆ ಕೊಟ್ಟೇ ಕೊಡೋರು. ದರ್ಜಿಗಳಲ್ಲಿ ಇಂಥೋರೂ ಇದ್ರು ಅಂದ್ರೆ ಅದೇ ಒಂದು ದೆವ್ವದ ಕತೆ ಅಲ್ವಾ?”

ಅಪ್ಪ ನಕ್ಕರು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

“ಆಮೇಲೆ?” ಕತ್ತಲ ಮೂಲೆಯಿಂದ ಒಡಕು ದನಿ ಬಂತು. ಪಾಪ, ತಂಗಿಗೆ ಗಂಟಲೂ ಕಟ್ಟಿದೆ ಅಂದುಕೊಂಡೆ.

“ಹೇಳ್ತೀನಿ, ಅವಸರ ಏನು? ಅತ್ತೆಗೆ ಇದ್ದಿದ್ದು ಒಂದೇ ಆಸೆ. ಮೇಲಿರೋ ಬುದ್ಧ ಕಣ್ಣು ಅರ್ಧ ಮುಚ್ಕೊಂಡು ನಗ್ತಾನಲ್ಲ... ‘ಅದೇನು ಸುದ್ದಿ ಕೇಳಿ ಹಾಗೆ ನಗ್ತಾನೋ, ಹತ್ರದಿಂದ ನೋಡ್ಬೇಕು ಕಣೇ’ ಅನ್ನೋರು. ಹೊರಡೋರು. ಇಲ್ಲಿ ಬಂದು ಕೂತ್ರೆ ಮುಗೀತು, ಹತ್ತೋರು ಇಳಿಯೋರು ಎಲ್ಲರ ಹತ್ರಾನೂ ಮಾತು, ಮಾತಲ್ಲೇ ಹೊತ್ತು ಇಳಿಯೋದು, ಅವರೂ ಇಳಿಯೋರು. ಕೊನೇ ಸಲ ಬಂದಾಗ ಮುಖ ಬಿಳಿಚಿಕೊಂಡಿತ್ತು. ‘ಸ್ವಲ್ಪ ಸುಧಾರಿಸ್ಕೊಳ್ತೀನಿ, ನೀ ಮುಂದೆ ನಡಿ, ನಾ ಹಿಂದೇನೇ ಬರ್ತೀನಿ’ ಅಂದ್ರು. ನಡೆದೆ. ಮೇಲೆ ಎಷ್ಟು ಕಾದ್ರೂ ಬರಲಿಲ್ಲ. ಇಳಿದು ಬಂದು ನೋಡಿದ್ರೆ... ಇದೇ ಮೂಲೇಲಿ ಗೋಡೆಗೆ ಒರಗಿ ಕೂತಿದ್ರು. ಜೀವ ಹೋಗಿತ್ತು. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಕಣ್ಣಲ್ಲಿ ನೀರು ಅಂತಾರೆ. ನಾನು ಇಲ್ಲೇ, ಆಗಲೇ, ಬಿಕ್ಕಿಬಿಕ್ಕಿ ಅತ್ತೆ.

“ಮಾರನೇ ವರ್ಷ ಒಬ್ಬಳೇ ಬಂದೆ. ಈ ತಂಗುಮನೆ ದಾಟಿ ನಾಲ್ಕು ಹೆಜ್ಜೆ ಇಟ್ಟಿದೀನಿ, ಹಿಂದೆ... ಪಟ್, ಪಟ್. ಅತ್ತೆ ಚಪ್ಪಲಿ. ಕಿತ್ತ ಉಂಗುಷ್ಟಕ್ಕೆ ಪಿನ್ನು ಹಾಕ್ಕೊಂಡು ನಡೆಯೋ ಆ ಸದ್ದು ನನಗೆ ಗೊತ್ತಾಗಲ್ವಾ? ತಿರುಗಿ ನೋಡಿದ್ರೆ ಬರೀ ಮೆಟ್ಲು. ನಡೆದ್ರೆ ಪಟ್, ಪಟ್. ಓಡಿಬಿಡೋಣ ಅನ್ನಿಸ್ತು... ಆದ್ರೆ ಹಿಂದೇನೇ ಬರ್ತೀನಿ ಅಂದಿದ್ರಲ್ಲ? ಮಾತು ಉಳಿಸ್ಕೊಳ್ತಿದಾರೆ, ಪಾಪ. ಅಷ್ಟರಲ್ಲಿ ಸದ್ದು ನಿಂತೇಹೋಯ್ತು. ತಿರುಗಾ ಕೂರೋಕೆ ಹೊರಟ್ರು ಅಂತ ಗೊತ್ತಾಯ್ತು. ಇವತ್ತೂ ಕೂತ್ರೆ ಇನ್ನು ಇಲ್ಲೇ, ಆ ನಗು ನೋಡೋದು ಯಾವ ಕಾಲಕ್ಕೂ ಇಲ್ಲ. ಏನು ಮಾಡ್ಲಿ, ಹೇಳಿ? ‘ಅತ್ತೆ, ಎದುರು ಅಂಗಡಿ ಗಡಿಯಾರ ರಿಪೇರಿಯೋನು ಈ ವಯಸ್ಸಲ್ಲಿ ಮದುವೆ ಆಗ್ತಾನಂತೆ’ ಅಂದೆ. ಕಿವಿ ಹತ್ರಾನೇ... ‘ಆಮೇಲೆ?’ ‘ಮುಂದಿನ ತಿರುವಲ್ಲಿ ಹೇಳ್ತೀನಿ, ಬನ್ನಿ’ ಅಂದೆ. ಪಟ್ ಪಟ್ ಪಟ್ ಪಟ್ ಅಂತ ಬಂದ್ರು. ಹಾಗೇ ಒಂದೊಂದು ತಿರುವಿಗೂ ಒಂದೊಂದು ಸುದ್ದಿ, ಅರ್ಧ ಹೇಳೋದು, ಅರ್ಧ ಉಳಿಸ್ಕೊಳ್ಳೋದು. ಭಯ ಎಲ್ಲಿ ಹೋಯ್ತೋ ಏನೋ, ನಗು ತಡ್ಕೊಳ್ಳೋಕೆ ಆಗ್ತಿಲ್ಲ. ಎದುರು ಬಂದೋರು ಯಾರೋ ಹುಚ್ಚಿ ಅಂತ ದಾರಿ ಬಿಟ್ರು. ಆದ್ರೆ ಗುಡಿ ಕಾಣೋ ಹೊತ್ತಿಗೆ... ಸುದ್ದಿ ಖಾಲಿ.”

“ಆಮೇಲೆ?” ಮತ್ತೆ ಅದೇ ಒಡಕು ದನಿ.

“ಆಮೇಲೆ ಇನ್ನೇನು? ನಿಮ್ಮ ತಾತನಿಗೂ ಹೇಳಿರದ ಸುದ್ದಿ ಒಂದಿತ್ತು. ‘ಅತ್ತೆ, ನೀವು ಅಜ್ಜಿ ಆಗ್ತಿದೀರಿ’ ಅಂದೆ. ಸತ್ತೋರು ಹಾಗೆ ಓಡೋದುಂಟಾ? ನನ್ನನ್ನ ತಳ್ಕೊಂಡೇ ದಾಟಿ ಮೇಲೆ ಹೋದ್ರು. ನಾನು ಹೊಸಿಲು ತುಳಿಯೋ ಹೊತ್ತಿಗೆ ಬುದ್ಧನ ಮುಂದೆ ಯಾರೋ ಕಿಸಕ್ ಅಂತ ನಕ್ಕಿದ್ದು ಕೇಳಿಸ್ತು. ‘ಗೊತ್ತಾಯ್ತು ಕಣೇ. ಎಲ್ಲರ ಮನೆ ಸುದ್ದೀನೂ ಇವನಿಗೆ ಗೊತ್ತು, ಒಬ್ಬರಿಗೂ ಹೇಳಲ್ಲ. ಅದಕ್ಕೇ ಈ ನಗು.’”

ಅಜ್ಜಿ ನಗುತ್ತಲೇ ಕಣ್ಣೊರೆಸಿಕೊಂಡಳು. ಮಳೆ ನಿಂತಿತ್ತು.

“ಒಳ್ಳೇ ಕತೆ ಕಟ್ತೀಯಮ್ಮ,” ಎಂದರು ಅಪ್ಪ. “ಆಸೆ ತೀರ್ತಲ್ಲ, ಇನ್ನೆಲ್ಲಿ ದೆವ್ವ?”

“ಬುದ್ಧನ್ನ ನೋಡೋ ಆಸೆ ತೀರ್ತು. ಕೊನೇ ಸುದ್ದಿ ಅರ್ಧಕ್ಕೇ ನಿಂತಿತ್ತಲ್ಲೋ? ಮಗು ಗಂಡೋ ಹೆಣ್ಣೋ, ಏನು ಓದ್ತು, ಯಾರನ್ನ ಕಟ್ಕೊಳ್ತು... ನಾನು ಬಂದಾಗಲೆಲ್ಲ ಇಲ್ಲೇ ಕಾದಿರ್ತಾರೆ. ನೀನೋ, ಕರೆದಾಗಲೆಲ್ಲ ಮಂಡಿನೋವು ಅಂತ ತಪ್ಪಿಸ್ಕೊಂಡೆ. ಆ ಮಗು ಈ ಮೆಟ್ಲು ಹತ್ತಿದ್ದು ಇವತ್ತೇ ಮೊದಲು.”

ಅಮ್ಮನ ಮಡಿಲಲ್ಲಿ ಶಾಲು ಅಲುಗಿತು. ತಂಗಿ ಕಣ್ಣುಜ್ಜುತ್ತ ಎದ್ದು, ಮೂಗು ಕಟ್ಟಿದ ಸಣ್ಣ ದನಿಯಲ್ಲಿ ಕೇಳಿದಳು. “ಕತೆ ಮುಗೀತಾ? ಕೂತ ತಕ್ಷಣ ನಿದ್ದೆ ಬಂದ್ಬಿಡ್ತು.”

ಅಜ್ಜಿ ಛತ್ರಿ ಊರಿಕೊಂಡು ಹತ್ತತೊಡಗಿದಳು. ಅಮ್ಮ ತಂಗಿಯ ಕೈ ಬಿಗಿಯಾಗಿ ಹಿಡಿದು ಅವಳ ಹಿಂದೆಯೇ ನಡೆದಳು. ಇಳಿದುಬಿಡೋಣ ಅಂದಿದ್ದ ಅಪ್ಪ ಕೊನೆಗೆ ಎದ್ದರು. ಮೇಲಕ್ಕೆ ಒಂದು ಹೆಜ್ಜೆ ಇಟ್ಟು, ನಿಂತು, ತಿರುಗಿ ಖಾಲಿ ಬೆಂಚಿನ ಕಡೆಗೆ ಕೈ ಚಾಚಿದರು.

“ಮೆಟ್ಲು ಜಾರುತ್ತೆ ಅಜ್ಜಿ, ಹಿಡ್ಕೊಳ್ಳಿ,” ಎಂದರು.

ಪಟ್, ಪಟ್.

ಅಜ್ಜಿ ಹಿಂದೆ ತಿರುಗಲೂ ಇಲ್ಲ. ಮೇಲಿನಿಂದ ಅವಳ ದನಿ ಮಾತ್ರ ಕೇಳಿತು. “ಎಲ್ಲಾ ಒಂದೇ ಸಲ ಹೇಳ್ಬಿಡ್ಬೇಡ ಕಣೋ. ಇನ್ನೂ ಅರ್ಧ ದಾರಿ ಇದೆ.”