ಅರಳಿ ರಾಶ್ಯಾಗ ಬಿಳೇ ಎತ್ತು

ಕರಡಿ? ಯಾರಂದ್ರು ನಿನಗ ಅದು ಕರಡಿ ಅಂತ?

ಪುಸ್ತಕದಾಗ ಬರದೈತಿ? ಏನ ಬರದೈತಿ? ...ಹಿಮಕರಡಿ! ಹೂಂ. ಬರೀತಾರ, ಬರಿಯೋರಿಗೇನು! ಏ ಸೌಮ್ಯಾ, ನಾ ಅಮ್ಮಿನಬಾವಿ ಸಾಲ್ಯಾಗ ಇಡೀ ಜನ್ಮ ಒಂದನೇ ಇಯತ್ತಾ ಕಲಿಸಿದಾಕಿ. ಊರಾಗ ಇವತ್ತಿಗೂ ಈರವ್ವ ಅಕ್ಕೋರು ಅಂದ್ರ ಮುದುಕರಾದೋರೂ ಎದ್ದು ನಿಂದರತಾರ. 'ಕ' ಅಂದ್ರ ಕರಡಿ ಅಂತ ಬರದು ಬರದು ನನ್ನ ಬೆರಳ ಸವದಾವು. ಕರಡಿ ಕರ್ರಗ ಇರತೈತಿ. ಬೆಳ್ಳಗಿದ್ರ ಅದು ಎತ್ತು. ಮುಗೀತು.

ಯಾಕ ನಗತಿ? ನಕ್ಕೀ ನೀ. ಬಳಿ ಸಪ್ಪಳಾತು, ಬಾಯಿಗೆ ಕೈ ಅಡ್ಡ ಹಿಡದೀ. ಅತ್ತಿ ಮುಂದ ನಗಬಾರದು ಅಂತ ಬಾಯಿ ಮುಚಗೊಳ್ಳೋ ಸೊಸಿ ಈ ದೇಶಪಾಂಡೆ ನಗರದಾಗ ನೀ ಒಬ್ಬಾಕಿನಽ ಉಳದಿ ನೋಡ. ಇರಲಿ. ನಿನ್ನಿ ಕೂಸಿನ್ನ ಮಲಗಸೂ ಮುಂದ ಏನಾತು, ಪೂರ್ತಿ ಹೇಳ.

...ನೀ ಕರಡಿ ಅಂತ ಓದಿದಿ. ಹೂಂ. ಶರಣ್ಯಾ ಪುಸ್ತಕ ಕಸಗೊಂಡ್ಲು. ಹೂಂ... ಏನಂದ್ಲು? "ಮಮ್ಮಿ, ನಿನಗ ಓದಾಕ ಬರಾಂಗಿಲ್ಲ, ಆಯಿ ಓದಿದ್ದಽ ಖರೇ" ಅಂದ್ಲಾ? ಅಯ್ಯ ನಮ್ಮವ್ವ! ಧಾರವಾಡದ ಬಾಜೂಕಿನ ಬೇಲೂರು ಫ್ಯಾಕ್ಟ್ರ್ಯಾಗ ಅಷ್ಟ ಮಂದಿ ಗಂಡಸರನ್ನ ಸಾಲ ಹಚ್ಚಿ ನಿಂದರಸೋ ಇಂಜಿನಿಯರ್ ಬಾಯಾರಿಗೆ, ನಾಕ ವರ್ಷದ ಕೂಸು ಓದಾಕ ಬರಾಂಗಿಲ್ಲ ಅಂತೇಳಿ... ತಡಿ, ತಡಿ, ನನಗೂ ನಗಿ ಬಂತು. ಹೊಟ್ಟಿ ಹುಣ್ಣಾತವ್ವಾ!

ಅಲ್ಲಾ, ನೀ ನನ್ನ ಕಥಿ ಒಮ್ಮ್ಯರ ಕೇಳೀಯೇನು? ಕೇಳಲಾರದಽ ತಪ್ಪು ಅಂದ್ರ ಹೆಂಗ? ಕೇಳ. ಬಸ್ಯಾ ಅಂತ ಒಂದು ಎತ್ತು. ಹಾಲಿನಂಗ ಬೆಳ್ಳಗ. ಕಾರಹುಣ್ಣಿಮಿ ದಿನ ಅದಕ್ಕ ಮೈ ತೊಳದು, ಕೊಂಬಿಗೆ ಕೆಂಪು ರಿಬ್ಬನ್ ಕಟ್ಟಿರತಾರ. ಆ ಪುಸ್ತಕದಾಗ ಕೆಂಪಂದು ಐತಿಲ್ಲ, ಅದಽ. ಏನು? ಮಫ್ಲರ್? ಕರಡಿ ಕೊರಳಾಗ ಮಫ್ಲರ್? ಕರಡಿ ಮಫ್ಲರ್ ಹಾಕ್ಕೊಂಡಿದ್ದು ನಡೀತೈತಿ, ನಮ್ಮ ಎತ್ತು ರಿಬ್ಬನ್ ಕಟಗೊಂಡಿದ್ದು ನಡ್ಯಾಂಗಿಲ್ಲ, ಹೌದಿಲ್ಲೋ?

ಬಸ್ಯಾಗ ಬಂಡಿ ಎಳದೆಳದು ಬ್ಯಾಸರಾಗಿರತೈತಿ. ಮೆಲ್ಲಕ ಹಗ್ಗ ಬಿಚಗೊಂಡು ಹೋಗಿ, ಹತ್ತಿ ಬಿಡಿಸಿ ಒಟ್ಟಿದ ಅರಳಿ ರಾಶ್ಯಾಗ ಮಲಗಿ ಬಿಡತೈತಿ. ಬೆಳ್ಳಗಿನ ಎತ್ತು, ಬೆಳ್ಳಗಿನ ಅರಳಿ, ಮ್ಯಾಲೆ ಕಣ್ಣ ಬ್ಯಾರೆ ಮುಚ್ಚೈತಿ. ಯಾರಿಗೆ ಸಿಗತೈತಿ? ಇಡೀ ಊರಽ ಹುಡುಕತೈತಿ. ಸಾವುಕಾರ ಬಂದ, ಗೌಡ ಬಂದ, ಪೊಲೀಸ ಬಂದ. ಊಹೂಂ! ಕಡೀಕ ಒಂದು ಸಣ್ಣ ಹುಡುಗಿ ಬಂದು, ಏ, ಅರಳಿಗೆ ಎಲ್ಲ್ಯರ ಕೆಂಪು ರಿಬ್ಬನ್ ಇರತೈತೇನ್ರೋ ಅಂತಾಳ! ಅಕಿ ಹೆಸರು ಏನಂತ ನಾ ಹೇಳಬೇಕಾಗಿಲ್ಲ. ಆ ಹೆಸರು ಬಂತಂದ್ರ ನಮ್ಮಾಕಿ ಎದ್ದು ಕುಣೀತಾಳ, ಹಾಸಿಗಿ ಮ್ಯಾಲೆ. ಈಗ ಹೇಳ, ನಿನ್ನ ಹಿಮಕರಡಿ ಏನ ಮಾಡತೈತಿ? ...ಮಲಗತೈತಿ. ಅಷ್ಟಽ? ಇಡೀ ಪುಸ್ತಕ ಅದು ಬರೇ ಮಲಗತೈತಿ? ಅದಕ್ಕ ರೊಕ್ಕ ಕೊಟ್ಟು ತಂದಿ?

ಮೀನಾ? ಎಲ್ಲಿ ಮೀನ? ಅದರ ಬಾಯಾಗ... ಏ, ಅದು ಮೀನಲ್ಲ, ಜ್ವಾಳದ ದಂಟು. ಲಿಂಗಾಯತರ ಮನ್ಯಾಗ ಕೂಸಿನ ಕೈಯಾಗ ಮೀನ ಹಿಡಸಾಕ ಹೊಂಟೀಯೇನ? ನಿಮ್ಮವ್ವ ಕೇಳಿದ್ರ ಎದಿ ಹಿಡ್ಕೊಂಡು ಕುಂದರತಾಳ!

ಚಾಳೀಸ? ಚಾಳೀಸಿಗೇನಾಗೈತಿ, ಮೂಗಿನ ಮ್ಯಾಲೆ ಐತಲ್ಲ. ಮೊನ್ನಿ ಸಬಕಾರ ಹಚ್ಚಿ ತೊಳದೇನಿ, ಕನ್ನಡಿ ಆಗೈತಿ. ಚಾಳೀಸಿನ ತಪ್ಪಲ್ಲ ತಂಗಿ, ಈ ಹೊಸ ಪುಸ್ತಕದ ತಪ್ಪು. ಬಣ್ಣದ ಮ್ಯಾಲೆ ಬಣ್ಣಾ, ಅದರ ಮ್ಯಾಲೆ ಅಕ್ಷರ. ಅವೂ ನೆಟ್ಟಗ ನಿಂದರಾಂಗಿಲ್ಲ, ಬೆಲ್ಲಕ್ಕ ಮುಕರಿದ ಇರಿವಿ ಹಂಗ ಹೊಯ್ದಾಡತಾವು. ನಮ್ಮ ಕಾಲದಾಗ ಅಕ್ಷರ ಅಂದ್ರ ಗ್ವಾಡಿಗೆ ಕಟ್ಟಿದ ಕಲ್ಲಿನಂಗ...

ಏನಂದಿ? ಕುಣೀಲಾರದಾಕಿ ನೆಲ ಡೊಂಕು ಅಂದಳಂತ? ನನಗಽ ಗಾದಿ ಹೇಳತಿ? ಛಲೋ ಐತಿ, ಛಲೋ ಐತಿ! ಹೇಳ, ಹೇಳ. ನಾ ಕಲಿಸಿದ ಗಾದಿ ನನಗಽ ತಿರಗಿ ಹೊಡದಿ. ಶ್ಯಾಣ್ಯಾಕಿ ಅದಿ.

ಹೂಂ... ಗೊತ್ತಾತು. ಮಾತು ಎಲ್ಲಿಂದ ಎಲ್ಲಿಗೆ ಹೊಂಟೈತಿ ಅಂತ ಗೊತ್ತಾತು. ಆ ಪ್ಲೇ ಹೋಮಿನ ಸುದ್ದಿ ತಗೀಬೇಕಂತ ಕುಂತಿ ನೀ. ಗುರುಪಾದ ಹೇಳಿ ಕಳಿಸ್ಯಾನಿಲ್ಲೋ? ಹಡದವ್ವನ ಮುಂದ ಅಂವಗ ಬಾಯಿ ಇಲ್ಲ, ನಿನ್ನ ಮುಂದ ಮಾಡ್ಯಾನ. ಅಲ್ಲೆ ಸಂಜಿತನಾ ಇಟಗೋತಾರಂತ, ಉಣಸ್ತಾರಂತ, ಮಲಗಸ್ತಾರಂತ, ಕಥಿ ಹೇಳತಾರಂತ. ಮನ್ಯಾಗ ಒಬ್ಬಾಕಿ ಅಕ್ಕೋರು ಪುಕ್ಕಟ ಕುಂತಾಳಲ್ಲ, ಅಕಿ ಏನ ಮಾಡಬೇಕು? ಬಿಸಲಿಗೆ ಹಾಕಿದ ಮಾವಿನಕಾಯಿ ಹೋಳ ಕಾಯ್ಕೋತ ಕುಂದರಬೇಕೇನ?

ದಣಿವು! ನನಗ ಎದರ ದಣಿವು? ನಲವತ್ತ ಹುಡುಗರನ್ನ ಒಂದ ಖೋಲ್ಯಾಗ ಕೂಡಿ ಹಾಕಿಕೊಂಡು ಜ್ವಾಕಿ ಮಾಡಿದಾಕಿಗೆ ಒಂದು ಕೂಸು ಭಾರ ಆಗತೈತೇನ? ಅಕಿನ್ನ ನಾ ಕಣ್ಣಾಗ ಎಣ್ಣಿ ಬಿಟಗೊಂಡು ನೋಡಕೊಂತೇನಿ.

ಚಾ? ಹಾಂ, ಬಿತ್ತು. ಮೊನ್ನಿ ಚಾದಾಗ ಉಪ್ಪು ಬಿತ್ತು, ಇಲ್ಲ ಅಂದ್ನೇನ? ಉಪ್ಪು, ಸಕ್ರಿ ಎರಡಕ್ಕೂ ಒಂದ ನಮೂನಿ ಡಬ್ಬಿ ತಂದಾಕಿ ನೀನಽ. ಅಂಗಡ್ಯಾಗ ಛಂದ ಕಂಡ್ವು ಅಂತ ಜೋಡಿ ತಂದಿ. ಮತ್ತ ಗುಲ್ನಾಜಗ ಜರೀನಾ ಅಂತ ಕರದ್ನಿ. ಅದನ್ನೂ ಹೇಳ್ಯಾಳಾ ನಿನಗ? ಅಕ್ಕ ತಂಗಿ ಇಬ್ಬರೂ ಒಂದಽ ಅಚ್ಚಿನ್ಯಾಗ ತಗದಂಗ ಅದಾರ, ನಾ ಏನ ಮಾಡ್ಲಿ? ಬಾಜೂ ಮನಿ ಹುಡಗ್ಯಾರು, ಯಾರಂದ್ರೇನು, ಇಬ್ಬರಿಗೂ ಉಂಡಿ ಕೊಟ್ಟು ಕಳಿಸೇನಿ. ಅಯ್ಯ, ನೀ ಏನ ವಕೀಲ ಆದೀಯೇನವ್ವಾ? ಒಂದೊಂದ ಕೂಡಿಸಿ ಇಟಗೊಂಡು ಕುಂತಿ!

ಬಿಡ ಅದನ್ನ. ಆ ಚೀಲದಾಗ ಏನೈತಿ? ಆವಾಗಿಂದ ಕಾಲಾಗ ಇಟಗೊಂಡು ಕುಂತಿ, ಹೊಸಾ ಕಾಗದದ ವಾಸನಿ ಬರಾಕತ್ತೈತಿ. ...ಮತ್ತ ಪುಸ್ತಕಾ! ಖರೇನ? ಧಾರವಾಡದಾಗ ಪ್ರದರ್ಶನ ಹಚ್ಚಿದ್ರು? ಫ್ಯಾಕ್ಟರಿ ಬಿಟ್ಟ ಕೂಡ್ಲೆ ಹೋಗಿದ್ಯಾ? ಅದಕ್ಕಽ ತಡಾ ಆತು. ತಾ, ತಾ, ಲಗೂ ತಾ. ಅಕಿ ನಿದ್ದಿ ಮಾಡಿ ಏಳೂದ್ರಾಗ ನಾ ಒಂದ ಸಲ ನೋಡಿ ಇಡತೇನಿ. ಅಕ್ಕೋರಾದೋರು ಪಾಠ ಮೊದಲಽ ನೋಡಿಕೊಂಡು ವರ್ಗಕ್ಕ ಹೋಗಬೇಕು.

ಆಹಾ, ಎಷ್ಟ ದಪ್ಪ ರಟ್ಟು! ಇದನ್ನ ಹರಿಯಾಕ ನಮ್ಮಾಕಿ ಕಡೆನೂ ಆಗಾಂಗಿಲ್ಲ. ಇದರಾಗ ಏನ... ಅಯ್ಯ ಶಿವನ! ಮೆತ್ತಗೈತಲ್ಲ! ಕುರಿಮರಿ! ಹೊಟ್ಟಿಗೆ ಖರೇ ಉಣ್ಣಿ ನೂಲು ಅಂಟಿಸ್ಯಾರ! ಇಲ್ಲೆ ಏನು, ಖರಖರ ಅಂತೈತಿ... ಆಮಿ ಬೆನ್ನ. ಹೌದಾ? ನೋಡ, ಮುಟ್ಟಿದ ಕೂಡ್ಲೆ ಹೇಳಿದ್ನಿ. ಇದು ಪುಸ್ತಕ ಅಂದ್ರ! ಇದನ್ನ ಮಾಡಿದಾತನ ಕೈಗೆ ಬಂಗಾರದ ಕಡಗ ಹಾಕಬೇಕು. ಇದು ತೂತಿನ ಪುಸ್ತಕಾ? ಬೆರಳ ಹಾಕಿದ್ರ ಆ ಕಡೆ ಬರತೈತಿ... ಬೆರಳಽ ಹುಳಾ ಆಗತೈತಿ! ಏ ಸೌಮ್ಯಾ, ನೋಡ ನೋಡ, ನನ್ನ ಬೆರಳ ಹುಳಾ! ಆಯಿ ಬೆರಳ ಹುಳಾ ಆತು ಅಂದ್ರ ಅಕಿ ಮನಿ ಹಂಚ ಹಾರೂವಂಗ ನಗತಾಳ.

ನನಗೇನ ಅನಸತೈತಿ ಹೇಳ್ಲೇನು? ಅಕಿ ಮುಂಜಾನಿ ಎದ್ದು "ಆಯಿ, ಕಥಿ" ಅಂತ ಬಂದು ತೊಡಿ ಮ್ಯಾಲೆ ಕುಂತಳಂದ್ರ, ನನಗ ಆ ದಿನಕ್ಕ ಮತ್ತೇನೂ ಬ್ಯಾಡ. ಪಿಂಚಣಿ ಬ್ಯಾಡ, ಪೂಜಿನೂ ಬ್ಯಾಡ. ಶಿವಾ ಸಿಟ್ಟಾಗಲಿ ಬೇಕಾದ್ರ. ಅಕಿ ತಲಿ ಇಲ್ಲೆ ಗದ್ದಕ್ಕ ತಾಗತೈತಿ. ಪುಸ್ತಕ ಒಂದು ನೆಪ ಅಷ್ಟಽ. ಹಂಗಂತ... ಹಂಗಂತ ಓದಾಂಗಿಲ್ಲ ಅಂತಲ್ಲ ಮತ್ತ! ಓದತೇನಿ. ಮನಸಿಗೆ ಬಂದಂಗ ಹೇಳತಾರ, ಇದ್ದದ್ದು ಓದಾಂಗಿಲ್ಲ ಅಂತ ನಿನಗ ಅನುಮಾನ ಐತಿಲ್ಲ? ಅದಕ್ಕಽ ಪ್ಲೇ ಹೋಮಿನ ಮಾತಿಲ್ಲ? ಕೊಡ ಇಲ್ಲೆ, ಆ ದೊಡ್ಡದನ್ನ ಕೊಡ. ಒಂದ ಅಕ್ಷರ ಆಚಿ ಈಚಿ ಆಗಲಾರದಂಗ ಓದತೇನಿ. ನೀ ಬಾಜೂಕ ಕುಂತು ನೋಡ. ತಪ್ಪಿದ್ರ ನಾಳಿಂದಽ ಅಕಿನ್ನ ಕರಕೊಂಡು ಹೋಗ. ತಪ್ಪಲಿಲ್ಲಂದ್ರ ಅಕಿ ನನ್ನ ಕಡೆನಽ ಇರತಾಳ, ಆ ಸುದ್ದಿ ಈ ಮನ್ಯಾಗ ಮತ್ತ ಎತ್ತಾಂಗಿಲ್ಲ. ಆತಿಲ್ಲೋ? ಹೂಂ ಅನ್ನ. ...ಹಾಂ, ಹಂಗ.

ಹಿಂಗ ಬೆರಳಿಟ್ಟು ಓದಬೇಕು, ಸಾಲಿನ ಕೆಳಗ. ಕೇಳ. "ಒಂದು ಊರಿನಲ್ಲಿ... ಒಂದು ನೀಲಿ ಕೆರೆ ಇತ್ತು." ಇಲ್ಲೆ ಪೂರ್ಣವಿರಾಮ ಐತಿ, ಅದಕ್ಕ ನಿಂತ್ನಿ. "ಕೆರೆಯ ದಂಡೆಯ ಮೇಲೆ ಒಂದು ಹಳದಿ ಬಾತುಕೋಳಿ ವಾಸವಾಗಿತ್ತು." ನೋಡಿದ್ಯಾ? ಹೆಂಗ ಅಚ್ಚಾಗೈತೋ ಹಂಗಽ. ಪುಟ ತಿರುವು. "ಬಾತುಕೋಳಿಗೆ ಒಂದು ದಿನ ಕೆರೆಯ ಆಚೆ ಏನಿದೆ ಎಂದು ನೋಡುವ ಆಸೆಯಾಯಿತು. 'ಅಮ್ಮಾ, ನಾನು ಹೋಗಿ ಬರಲೇ?' ಎಂದು ಕೇಳಿತು." ಒತ್ತಕ್ಷರ ಎಷ್ಟ ಛಂದ ಒಡದು ಹಾಕ್ಯಾರ ನೋಡ, ಹುಡುಗರಿಗೆ ಅನುಕೂಲಾಗತೈತಿ. "ಅದಕ್ಕೆ ತಾಯಿ, 'ಮಗೂ, ಹೊತ್ತು ಮುಳುಗುವುದರೊಳಗೆ ಮನೆಗೆ ಬಾ' ಎಂದಿತು." ಅಲ್ಪವಿರಾಮಕ್ಕೂ ನಿಂತೇನಿ, ಕೇಳಿದ್ಯೋ ಇಲ್ಲೋ?

ಹೂಂ ಅನ್ನವ್ವಾ ನಡು ನಡುವ. ಕಥಿ ಹೇಳೂ ಮುಂದ ಹೂಂಗುಡೋರು ಇರಬೇಕು.

"ಬಾತುಕೋಳಿ ಈಜಿತು... ಈಜಿತು... ಈಜಿತು." ಮೂರ ಸಲ ಬರದಾರ. "ಆಚೆ ದಡದಲ್ಲಿ..."

ಸೌಮ್ಯಾ? ಫೋನ್ ನೋಡಾಕತ್ತೀಯೇನ?

ಇಲ್ಲೆ ಅದಿಯಲ್ಲ. ನಿನ್ನ ಉಸರ ಕೇಳತೈತಿ. ಮತ್ತ್ಯಾಕ ಸುಮ್ಮನಾದಿ? ಕಥಿ ಛಲೋ ಇಲ್ಲೇನ? ನಾ ಬರದಿದ್ದಲ್ಲವ್ವಾ ಅದು, ಅವರಽ ಬರದದ್ದು. ...ಏನರ ತಪ್ಪಿದ್ನೇನು? ತಪ್ಪಿದ್ರ ಹೇಳ. ತಪ್ಪು ಓದಿದ್ರ ಒಂದನೇ ಇಯತ್ತಾದ ಹುಡುಗರೂ "ಅಕ್ಕೋರ, ತಪ್ಪು! ಅಕ್ಕೋರ, ತಪ್ಪು!" ಅಂತ ಬಾಕ ಮ್ಯಾಲೆ ಹತ್ತಿ ಒದರತಾವು. ನೀ ಒದರವಲ್ಲಿ. ಹೌದು ಅನವಲ್ಲಿ, ಅಲ್ಲಾ ಅನವಲ್ಲಿ...

ಸೌಮ್ಯಾ.

ಇದರಾಗ... ಅಕ್ಷರಽ ಇಲ್ಲೇನು?

ಒಂದೂ? ಹಿಂದಿನ ಪುಟದಾಗ? ...ಅದರಾಗೂ ಇಲ್ಲ. ಬರೇ ಚಿತ್ರದ್ದು. ಅಕ್ಷರ ಇಲ್ಲದ ಪುಸ್ತಕಾನೂ ಮಾಡಾಕತ್ತಾರೇನ ಈಗ? ಅಯ್ಯ ಶಿವನ... ನಾ ಪೂರ್ಣವಿರಾಮಕ್ಕ ನಿಂತ್ನಲ್ಲವ್ವಾ!

ಪೊರಿ ಬಂದೈತಿ. ಎರಡೂ ಕಣ್ಣಿಗೆ. ಗುಲ್ನಾಜ ಒಬ್ಬಾಕಿಗೆ ಗೊತ್ತು, ಅಕಿನಽ ದವಾಖಾನಿಗೆ ಕರಕೊಂಡು ಹೋಗಿದ್ಲು. ಪಾಪ, ಅಕಿಗೆ ಆಣಿ ಹಾಕಿ ಬಾಯಿ ಕಟ್ಟೇನಿ, ಬೈಬ್ಯಾಡ ಅಕಿಗೆ. ಬಣ್ಣ ಕಾಣತಾವು, ದೊಡ್ಡ ದೊಡ್ಡ ಆಕಾರ ಕಾಣತಾವು. ಅಕ್ಷರ ಹೋಗಿ ಭಾಳ ದಿನಾತು. ಆಪರೇಶನ್ ಮಾಡಿದ್ರ ಮೊದಲಿನಂಗ ಲಖ್ಖ ಕಾಣತೈತಿ ಅಂದಾರ ಡಾಕ್ಟರು. ಹೌದು, ಮಾಡಸ್ಕೋಬಹುದಿತ್ತು! ಕತ್ತರಿಗೆ ಅಂಜಿದಾಕಿ ಅಲ್ಲ ನಾ. ಪಟ್ಟಿ ಕಟಗೊಂಡು ಕುಂದ್ರು, ಬಗ್ಗಬ್ಯಾಡ, ಕೂಸಿನ್ನ ಎತಗೋಬ್ಯಾಡ ಅಂತಾರ. ಅಷ್ಟರಾಗ ನೀವು ಅಕಿನ್ನ ಆ ಪ್ಲೇ ಹೋಮಿಗೆ ಹಾಕಿರತೀರಿ, ಅಕಿಗೆ ಅದಽ ರೂಢಿ ಆಗಿರತೈತಿ. ನನಗ ಕಣ್ಣು ಬಂದಿರತಾವು, ತೊಡಿ ಮ್ಯಾಲೆ ಅಕಿ ಇರಾಂಗಿಲ್ಲ. ಅಂಥಾ ಕಣ್ಣ ತಗೊಂಡು ನಾ ಏನ ಓದಲಿ? ಅಕಿನ್ನ ಬಿಟ್ಟಿರೂದು ನನ್ನ ಕಡೆ ಆಗಾಂಗಿಲ್ಲವ್ವಾ. ಕೂಸಿಗೆ ಒಂದಿನ ಸುಳ್ಳ ಹೇಳಿಲ್ಲ ನಾ, ಬಸ್ಯಾನ್ನ ಖರೇನಽ ಕಂಡೇನಿ ಆ ಕರಡಿ ಪುಸ್ತಕದಾಗ.

ಮಾತಾಡ. ಬೈಯೂದಿದ್ರ ಬೈ. ಕೈ ಹಿಡದಿ, ಭುಜದ ಮ್ಯಾಲೆ ತಲಿ ಇಟ್ಟಿ. ಮೈ ಅಲಗಾಡಾಕತ್ತೈತಿ ನಿಂದು. ಸೌಮ್ಯಾ, ನಗಾಕತ್ತಿಯೋ, ಅಳಾಕತ್ತಿಯೋ? ನನಗ ಕಾಣೂದಿಲ್ಲ ತಂಗಿ, ಬಾಯಿಬಿಟ್ಟು ಹೇಳ.