ಕಿರ್ ಅನ್ನೋ ಬ್ರೇಕು

ನನ್ನ ಸ್ಕೂಟರಿನ ಚಕ್ರ ಬಿಚ್ಚಿಟ್ಟು ಪಂಕ್ಚರ್ ಹುಡುಕುತ್ತಿದ್ದ ಮೆಕ್ಯಾನಿಕ್ ತಲೆಯೆತ್ತಿದರು. ನರ್ಸ್ ಸಮವಸ್ತ್ರದ ಹೆಂಗಸೊಬ್ಬರು ಬೈಕ್ ತಳ್ಳಿಕೊಂಡು ಬಂದು ನಿಲ್ಲಿಸಿದರು. ಹೆಲ್ಮೆಟ್ ತೆಗೆಯಲಿಲ್ಲ, ಬೆಂಚಿನಲ್ಲಿ ಕೂರಲೂ ಇಲ್ಲ.

“ಮತ್ತೇನಮ್ಮ?”

“ಮುಂದಿನ ಬ್ರೇಕ್ ಕಿರ್ ಅಂತಿದೆ ಅಣ್ಣ.”

“ಬಿದ್ದಮೇಲೆ ಇದು ಮೂರನೇ ಸಲ. ಹ್ಯಾಂಡಲ್ ಸೊಟ್ಟ ಅಂದ್ರಿ, ಕ್ಲಚ್ ಬಿಗಿ ಅಂದ್ರಿ. ಎರಡೂ ನೆಟ್ಟಗೇ ಇದ್ವು.”

“ಈ ಸಲ ನಿಜವಾಗ್ಲೂ ಸದ್ದು ಬರ್ತಿದೆ.”

“ಓಡಿಸೋವಾಗ್ಲಾ?”

“ತಳ್ಕೊಂಡು ಬರೋವಾಗ.”

“ತಳ್ಳೋವಾಗ ಬ್ರೇಕ್ ಯಾಕೆ ಹಿಡಿದ್ರಿ?”

ನರ್ಸ್ ಬೈಕಿಗೆ ಒಂದು ಸುತ್ತು ಬಂದರು.

“ದಾರೀಲಿ ಮರಳಿತ್ತು. ಅವತ್ತೂ ಮರಳು ನೋಡಿ ಬ್ರೇಕ್ ಹಿಡಿದೇ ಜಾರಿ ಬಿದ್ದಿದ್ದು.”

“ಮೊಣಕಾಲು ವಾಸಿ ಆಯ್ತಾ?”

“ಆಗಿ ಹದಿನೈದು ದಿನ ಆಯ್ತು. ಬಸ್ಸಲ್ಲಿ ಹೋಗ್ತಿದ್ದೀನಿ. ಮನೇಲಿ ಕೇಳಿದ್ರೆ ಬೈಕ್ ಇನ್ನೂ ಸರಿಯಾಗಿ ರಿಪೇರಿ ಆಗಿಲ್ಲ ಅಂತೀನಿ.”

“ನಿಮ್ಮ ಸುಳ್ಳಿಗೆ ನನ್ನ ಗ್ಯಾರೇಜು. ಮೊದಲ್ನೇ ಇಂಜೆಕ್ಷನ್ ಕೊಡೋವಾಗ ಕೈ ನಡುಗ್ಲಿಲ್ವಾ?”

“ನಡುಗ್ತು. ಸೂಜಿ ತಪ್ಪಿ ರಕ್ತಾನೂ ಬಂತು.”

“ಆಮೇಲೆ?”

“ಆಮೇಲೇನು, ಮುಂದಿನ ಪೇಷೆಂಟು ತೋಳು ಮೇಲೇರಿಸ್ಕೊಂಡು ಕೂತಿದ್ರಲ್ಲ.”

ಮೆಕ್ಯಾನಿಕ್ ಕೈ ಒರೆಸಿಕೊಂಡು, ಮೊಳೆಗೆ ತೂಗುಹಾಕಿದ್ದ ಹೆಲ್ಮೆಟ್ ತೆಗೆದರು.

“ಈಗ ನಾನೇ ಮುಂದಿನ ಪೇಷೆಂಟು. ಬಿಪಿ ಮಾತ್ರೆ ಮುಗಿದಿದೆ, ನಿಮ್ಮ ಬೈಕಲ್ಲೇ ಆಸ್ಪತ್ರೆಗೆ ಬಿಡಿ.”

“ಅಯ್ಯೋ, ಬೇಡಣ್ಣ. ನಿಮ್ಮನ್ನೂ ಬೀಳಿಸಿದ್ರೆ?”

“ಆಸ್ಪತ್ರೆಗೇ ತಾನೆ ಹೋಗ್ತಿರೋದು.”

ಮೆಕ್ಯಾನಿಕ್ ಹಿಂದಿನ ಸೀಟಿಗೆ ಹತ್ತಿದರು; ನನ್ನ ಚಕ್ರ ನೆಲದ ಮೇಲೇ ಉಳಿಯಿತು. ಬೈಕ್ ಎರಡು ಸಲ ಆಫ್ ಆಗಿ, ಮೂರನೆಯ ಸಲ ಮುಗ್ಗರಿಸಿ ಹೊರಟಿತು. ಗೇಟಿನ ಹತ್ತಿರ ನರ್ಸ್ ಕನ್ನಡಿ ನೋಡಿದರು.

“ಅಣ್ಣ, ಕಣ್ಣು ಯಾಕೆ ಮುಚ್ಕೊಂಡಿದ್ದೀರಿ?”

“ಬ್ರೇಕಿನ ಸದ್ದು ಕೇಳ್ಬೇಕಲ್ಲಮ್ಮ. ನೀವು ಮುಂದೆ ನೋಡಿ.”